ಊರಿನ ಬಗ್ಗೆ ಬರೆಯಲು ಹೊರಟಿದ್ದೀರಾ? ಪರಾಮರ್ಶನ ಕಪಾಟಿನಿಂದ ಶುರು ಮಾಡಿ

"ರಂಪಣಿ ಮೀನುಗಾರಿಕೆ ಬಗ್ಗೆ ಪ್ರಬಂಧ ಬರೆಯಬೇಕು, ಒಂದು ಒಳ್ಳೆಯ ಪುಸ್ತಕ ಹೇಳಿ." "ನಮ್ಮೂರ ದೇವಸ್ಥಾನದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬೇಕು, ಎಲ್ಲಿ ಸಿಗುತ್ತದೆ?" "ಸೋದೆ ಅರಸರ ಬಗ್ಗೆ ಗೂಗಲ್ ಮಾಡಿದೆ, ಎಲ್ಲಾ ಕಡೆ ಅದೇ ನಾಲ್ಕು ಸಾಲು ಬರುತ್ತಿದೆ, ಮುಂದೇನು ಮಾಡಲಿ?" ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. (ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಮೀನು ಬಲೆ, ಸೋದೆ ಅಂದರೆ ಶಿರಸಿ ಹತ್ತಿರದ ಹಳೆಯ ರಾಜಧಾನಿ.) ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳುತ್ತೇನೆ.

ಕೇಳುವವರು ಬೇರೆ ಬೇರೆ, ಆದರೆ ಎಲ್ಲರಿಗೂ ಬೇಕಾದದ್ದು "ಆ ಒಂದು ಪುಸ್ತಕ". ಅಂಥದ್ದು ಇಲ್ಲ. ನಿಮಗೆ ಬೇಕಾದ ಹತ್ತು ಪುಸ್ತಕ ಯಾವುವು ಅಂತ ತೋರಿಸಿಕೊಡುವ ಕಪಾಟು ಮಾತ್ರ ಇದೆ. ಗ್ರಂಥಾಲಯದಲ್ಲಿ ಪೇಪರ್ ಓದುವ ಮೇಜು ದಾಟಿ ಒಳಗೆ ಹೋದರೆ, ಒಂದು ಮೂಲೆಯಲ್ಲಿ ದಪ್ಪ ದಪ್ಪ ಸಂಪುಟಗಳು ಸಾಲಾಗಿ ನಿಂತಿರುತ್ತವೆ ಅಲ್ವಾ, ಅದೇ. ಅದಕ್ಕೆ ಪರಾಮರ್ಶನ ವಿಭಾಗ ಅನ್ನುತ್ತಾರೆ.

ಪರಾಮರ್ಶನ ಗ್ರಂಥ ಅಂದರೆ ಮೊದಲಿಂದ ಕೊನೆಯವರೆಗೆ ಓದುವ ಪುಸ್ತಕ ಅಲ್ಲ. ಬೇಕಾದ ಜಾಗ ತೆರೆದು, ನೋಡಿ, ಬರೆದುಕೊಂಡು ಮುಚ್ಚಿಡುವ ಪುಸ್ತಕ. ನಿಘಂಟು, ವಿಶ್ವಕೋಶ, ಗೆಜೆಟಿಯರ್, ಜನಗಣತಿ ಕೈಪಿಡಿ, ಶಾಸನ ಸಂಪುಟ, ನಕಾಶೆ, ಗ್ರಂಥಸೂಚಿ, ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಸಾಮಾನ್ಯವಾಗಿ ಇವನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಡಬೇಕು. ಹಾಗಾಗಿ ಸಮಯ ಇಟ್ಟುಕೊಂಡು ಹೋಗಿ. ಬಸ್ಸಿಗೆ ಅರ್ಧ ಗಂಟೆ ಇದೆ, ಒಂದು ಸಲ ಇಣುಕಿ ಬರೋಣ ಅಂದರೆ ಏನೂ ಆಗುವುದಿಲ್ಲ.

ಹೋಗುವ ಮೊದಲು

ಕಾರವಾರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ತಾಲೂಕು ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಶಾಖೆಗಳಿವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಡೆಯುವ ಗ್ರಂಥಾಲಯಗಳು ಇವು, ಮನೆ ತೆರಿಗೆ ಕಟ್ಟುವಾಗ ಅದರ ಜೊತೆ ಗ್ರಂಥಾಲಯ ಕರವನ್ನೂ ನೀವು ಕಟ್ಟಿರುತ್ತೀರಿ, ಆದ್ದರಿಂದ ಒಳಗೆ ಹೋಗಿ ಕೇಳಲು ಸಂಕೋಚ ಬೇಡ. ಹಳೆಯ ಕಾಲೇಜುಗಳ ಗ್ರಂಥಾಲಯಗಳಲ್ಲಿ ಕೆಲವೊಮ್ಮೆ ಇನ್ನೂ ಒಳ್ಳೆಯ ಸಂಗ್ರಹ ಇರುತ್ತದೆ. ನೀವು ಆ ಕಾಲೇಜಿನವರಲ್ಲದಿದ್ದರೆ ಪ್ರಾಂಶುಪಾಲರ ಹೆಸರಿಗೆ ಒಂದು ಪತ್ರ ಬರೆದುಕೊಂಡು ಹೋಗಿ. ಏನು ನೋಡಬೇಕು, ಯಾಕೆ ನೋಡಬೇಕು, ಎಷ್ಟು ದಿನ ಬೇಕು, ಈ ಮೂರೇ ವಿಷಯ ಸಾಕು.

ಜೊತೆಗೆ ಒಂದು ನೋಟ್ ಪುಸ್ತಕ, ಪೆನ್ಸಿಲ್, ಗುರುತಿನ ಚೀಟಿ. ಮಳೆಗಾಲದಲ್ಲಾದರೆ ಕಾಗದಗಳಿಗೆ ಪ್ಲಾಸ್ಟಿಕ್ ಚೀಲ ಮತ್ತು ಒಂದು ಸಣ್ಣ ಟಾರ್ಚ್ ಕೂಡ ಇರಲಿ, ಶಿರಸಿ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗಿ ಕರೆಂಟ್ ಹೋದರೆ ಸಣ್ಣ ಅಕ್ಷರ ಓದಲಾಗುವುದಿಲ್ಲ. ವಾರದ ರಜೆ ಭಾನುವಾರವೇ ಇರುತ್ತದೆ ಅಂದುಕೊಳ್ಳಬೇಡಿ, ಮೊದಲೇ ಕೇಳಿಕೊಳ್ಳಿ.

ಹಂತ 1: ವಿಷಯವನ್ನು ಪ್ರಶ್ನೆಯಾಗಿ ಬರೆಯಿರಿ

"ರಂಪಣಿ" ಅನ್ನುವುದು ವಿಷಯ, ಪ್ರಶ್ನೆ ಅಲ್ಲ. "ಕಾರವಾರ ತಾಲೂಕಿನಲ್ಲಿ ರಂಪಣಿ ಬಲೆ ಯಾವಾಗ ಕಡಿಮೆಯಾಯಿತು, ಯಾಕೆ?" ಇದು ಪ್ರಶ್ನೆ. ಹೀಗೆ ಬರೆದ ಕೂಡಲೇ ಏನೇನು ಹುಡುಕಬೇಕು ಅಂತ ತಾನಾಗಿ ಕಾಣುತ್ತದೆ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆ ಹೇಗಿತ್ತು? ಎಳೆಯುತ್ತಿದ್ದವರು ಯಾವ ಸಮುದಾಯದವರು, ಪಾಲು ಹೇಗೆ ಹಂಚುತ್ತಿದ್ದರು? 1970ರ ದಶಕದಲ್ಲಿ ಪರ್ಸೀನ್ ಬೋಟುಗಳು, ಅಂದರೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಯಂತ್ರದ ಬೋಟುಗಳು, ಬಂದ ಮೇಲೆ ಏನಾಯಿತು? ಮೀನಿನ ಲೆಕ್ಕ ಎಲ್ಲಿದೆ?

ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಉತ್ತರ ಮೊದಲೇ ಗಟ್ಟಿ ಮಾಡಿಕೊಂಡು ಅದಕ್ಕೆ ಒಪ್ಪುವ ಸಾಲು ಮಾತ್ರ ಹುಡುಕುತ್ತಾರೆ. "ಪರ್ಸೀನ್ ಬಂತು, ರಂಪಣಿ ಹೋಯಿತು" ಅನ್ನುವುದು ಸರಿಯೇ ಇರಬಹುದು. ಆದರೆ ಅದನ್ನು ತೋರಿಸಿಕೊಡುವುದು ನಿಮ್ಮ ಕೆಲಸ, ನಂಬಿಕೊಂಡು ಹೊರಡುವುದಲ್ಲ.

ಹಂತ 2: ಹುಡುಕುವ ಪದಗಳ ಪಟ್ಟಿ ಮಾಡಿ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಗಮನ ಬೇಕಾದದ್ದು ಇಲ್ಲೇ. "ಪುಸ್ತಕದಲ್ಲಿ ಏನೂ ಇಲ್ಲ" ಅಂತ ವಾಪಸ್ ಬರುವವರಲ್ಲಿ ಹೆಚ್ಚಿನವರಿಗೆ ಪುಸ್ತಕದಲ್ಲಿ ಇದ್ದದ್ದು ಬೇರೆ ಹೆಸರಿನಲ್ಲಿತ್ತು, ಅಷ್ಟೇ.

ನಮ್ಮ ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳಿ. "ಉತ್ತರ ಕನ್ನಡ" ಅನ್ನುವುದು ಅಧಿಕೃತ ಹೆಸರಾದದ್ದು 1977ರಲ್ಲಿ. ಅದಕ್ಕಿಂತ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ನಾರ್ತ್ ಕೆನರಾ, ಕೆಲವು ಕಡೆ ಬರೀ ಕೆನರಾ. ಅದರಲ್ಲೂ ಮೊದಲಿನವರು ಇಂಗ್ಲಿಷ್‌ನ 'ಸಿ' ಅಕ್ಷರದಿಂದ ಬರೆದರು, ಬೊಂಬಾಯಿ ಸರ್ಕಾರದವರು 'ಕೆ' ಅಕ್ಷರದಿಂದ ಬರೆದರು. ಸೂಚಿಯಲ್ಲಿ ಒಂದನ್ನೇ ನೋಡಿದರೆ ಇನ್ನೊಂದು ಕೈತಪ್ಪುತ್ತದೆ. ಕಾರವಾರಕ್ಕೂ ಹೀಗೇ, ಹಳೆಯ ಬರಹಗಳಲ್ಲಿ ಅದು 'ಸಿ' ಅಕ್ಷರದ ಕೆಳಗೆ ಇರುತ್ತದೆ.

ಊರುಗಳ ಹೆಸರು ಇನ್ನೂ ಕಷ್ಟ. ಹೊನ್ನಾವರ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಓನೋರ್ ಅಥವಾ ಹೊನೋರ್. ಭಟ್ಕಳ ಪೋರ್ಚುಗೀಸರ ಬಾಯಲ್ಲಿ ಬಾಟಿಕಲಾ. ಸೋದೆಗೆ ಸೋಂದಾ, ಸ್ವಾದಿ, ಸುಧಾಪುರ, ಸೂಂಡಾ, ಇಷ್ಟೂ ಹೆಸರು. ಬನವಾಸಿಗೆ ವನವಾಸಿ, ವೈಜಯಂತಿ, ಜಯಂತೀಪುರ. ಜೋಯಿಡಾ ಹುಡುಕುವವರು ಸೂಪಾ ಅಂತಲೂ ನೋಡಬೇಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಬಗ್ಗೆ ಹುಡುಕುವವರಿಗೆ ಒಂದು ವಿಶೇಷ ಎಚ್ಚರಿಕೆ: ಜೋಗ ಜಲಪಾತವನ್ನು ಹಳೆಯ ಇಂಗ್ಲಿಷ್ ಪುಸ್ತಕಗಳು ಗೇರುಸೊಪ್ಪೆ ಜಲಪಾತ ಅಂತಲೇ ಕರೆಯುತ್ತಿದ್ದವು. ಸೂಚಿಯಲ್ಲಿ ಸಿಕ್ಕ ಪುಟ ತೆರೆದರೆ ರಾಣಿಯ ಬದಲು ನೀರು ಬೀಳುವ ವರ್ಣನೆ ಬರುತ್ತದೆ. ಆ ಊರಿಗೆ ನಗಿರೆ, ಕ್ಷೇಮಪುರ ಅನ್ನುವ ಹೆಸರುಗಳೂ ಇವೆ, ಅವನ್ನೂ ಪಟ್ಟಿಗೆ ಹಾಕಿ.

ಈಗ ರಂಪಣಿಗೆ ಬನ್ನಿ. ಗೋವಾ ಕಡೆ ಅದನ್ನು ರಾಂಪಣ್ ಅನ್ನುತ್ತಾರೆ, ಎಳೆಯುವವರು ರಾಂಪಣಕಾರರು, 1970ರ ದಶಕದಲ್ಲಿ ಅವರು ಟ್ರಾಲರ್‌ಗಳ ವಿರುದ್ಧ ದೊಡ್ಡ ಹೋರಾಟವನ್ನೇ ಮಾಡಿದರು. ಇಂಗ್ಲಿಷ್ ವರದಿಗಳಲ್ಲಿ ಈ ಬಲೆ ಶೋರ್ ಸೀನ್, ಅಂದರೆ ದಡದಿಂದ ಎಳೆಯುವ ಬಲೆ. ಇದರ ಸಣ್ಣ ರೂಪ ಕೈರಂಪಣಿ. ಮೀನಿನ ಹೆಸರುಗಳೂ ಬೇಕು: ಬಂಗಡೆ ಅಂದರೆ ಮ್ಯಾಕೆರೆಲ್, ತಾರ್ಲೆ ಅಂದರೆ ಆಯಿಲ್ ಸಾರ್ಡೀನ್. ತಾರ್ಲೆಗೆ ಮಂಗಳೂರು ಕಡೆ ಬೂತಾಯಿ, ಕೇರಳದಲ್ಲಿ ಮತ್ತಿ. ವಿಜ್ಞಾನದ ವರದಿಗಳಲ್ಲಿ ಇವೆಲ್ಲ ಇರುವುದಿಲ್ಲ, ಬಂಗಡೆಗೆ ರಾಸ್ಟ್ರೆಲ್ಲಿಜರ್ ಕನಗುರ್ತ, ತಾರ್ಲೆಗೆ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಅಂತ ಇರುತ್ತದೆ. ಈ ಪದಗಳ ಪಟ್ಟಿಯನ್ನು ಮನೆಯಲ್ಲಿ ಕೂತೇ ಮಾಡಬಹುದು. ಅಜ್ಜಿಯನ್ನು, ಮೀನು ತರುವ ಅಕ್ಕನನ್ನು ಕೇಳಿ, ಪುಸ್ತಕಕ್ಕಿಂತ ಜಾಸ್ತಿ ಪದ ಅವರಿಗೆ ಗೊತ್ತು.

ಒಂದು ಹಾಳೆಯಲ್ಲಿ ಈ ಪದಗಳನ್ನೆಲ್ಲ ಬರೆದುಕೊಂಡು ಹೋಗಿ. ಹೊಸ ಪದ ಸಿಕ್ಕ ಹಾಗೆ ಸೇರಿಸುತ್ತಾ ಹೋಗಿ.

ಹಂತ 3: ಮೊದಲ ಅರ್ಧ ದಿನ ವಿಶ್ವಕೋಶ ಮತ್ತು ನಿಘಂಟಿಗೆ

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿ ಇದೆ. ನಿಮ್ಮ ಊರು, ನಿಮ್ಮ ವಿಷಯ, ಅದರ ಸುತ್ತಲಿನ ವಿಷಯ, ಮೂರನ್ನೂ ತೆರೆದು ನೋಡಿ. ರಂಪಣಿಗೆ ಬೇರೆ ಲೇಖನ ಸಿಗದಿದ್ದರೆ ಮೀನುಗಾರಿಕೆ, ಬಲೆ, ಕಾರವಾರ ನೋಡಿ. ಚಿಕ್ಕ ಪದದಿಂದ ದೊಡ್ಡ ಪದಕ್ಕೆ ಹತ್ತುವುದನ್ನು ರೂಢಿ ಮಾಡಿಕೊಳ್ಳಿ.

ಇದನ್ನು ಬಳಸುವಾಗ ಒಂದು ವಿಷಯ ನೆನಪಿರಲಿ, ಯಾರೂ ಹೇಳಿಕೊಡುವುದಿಲ್ಲ. ಮೊದಲ ಸಂಪುಟ ಬಂದದ್ದು 1969ರಲ್ಲಿ, ಕೊನೆಯದು 2004ರಲ್ಲಿ. ನಡುವೆ 35 ವರ್ಷ. ಅಕಾರಾದಿಯಲ್ಲಿ ಬಂದಿರುವುದರಿಂದ 'ಅಂಕೋಲ' ಓದುವಾಗ ನೀವು 1969ರ ಹೊತ್ತಿನ ಅಂಕೋಲೆಯನ್ನು ಓದುತ್ತಿದ್ದೀರಿ, ಆಗ ಕೊಂಕಣ ರೈಲು ಇರಲಿಲ್ಲ. 'ಹ' ಅಕ್ಷರದ ಹೊನ್ನಾವರಕ್ಕೆ ಬರುವ ಹೊತ್ತಿಗೆ ಕಾಲವೇ ಬದಲಾಗಿರುತ್ತದೆ. ಎರಡೂ ಊರಿನ ಅಂಕಿಗಳನ್ನು ಒಂದೇ ಸಾಲಿನಲ್ಲಿ ಹೋಲಿಸಿ ಬರೆದರೆ ತಪ್ಪಾಗುತ್ತದೆ. ಆದ್ದರಿಂದ ಮಾಹಿತಿ ಬರೆದುಕೊಳ್ಳುವಾಗ ಆ ಸಂಪುಟದ ವರ್ಷವನ್ನೂ ಬರೆದುಕೊಳ್ಳಿ. ಪ್ರತಿ ಮಾಹಿತಿಗೂ ಒಂದು ವಯಸ್ಸಿರುತ್ತದೆ. ವಯಸ್ಸು ಗೊತ್ತಿಲ್ಲದ ಮಾಹಿತಿಯನ್ನು ಬಳಸಬೇಡಿ.

ನಿಘಂಟುಗಳಲ್ಲಿ ಎರಡು ಮುಖ್ಯ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, 1894ರದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು, 8 ಸಂಪುಟ. ಪರಿಷತ್ತಿನ ನಿಘಂಟು ಅರ್ಥದ ಜೊತೆ ಆ ಪದ ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಂದಿದೆ ಅಂತಲೂ ಕೊಡುತ್ತದೆ. ಊರಿನ ಹೆಸರಿನ ಅರ್ಥ ಹುಡುಕುವವರಿಗೆ ಇದು ದೊಡ್ಡ ಸಹಾಯ. ಆದರೆ ಊರಿನ ಹೆಸರನ್ನು ಎರಡು ತುಂಡು ಮಾಡಿ, ತುಂಡಿಗೊಂದು ಅರ್ಥ ಹಚ್ಚಿ, ಒಂದು ಕಥೆ ಕಟ್ಟುವ ಚಟಕ್ಕೆ ಮಾತ್ರ ಬೀಳಬೇಡಿ. ಸ್ಮರಣ ಸಂಚಿಕೆಗಳಲ್ಲಿ ನಾನು ಜಾಸ್ತಿ ಕಂಡ ತಪ್ಪು ಇದೇ. ಹಳೆಯ ಶಾಸನದಲ್ಲಿ ಆ ಹೆಸರು ಹೇಗಿದೆ ಅಂತ ನೋಡದೆ ಇವತ್ತಿನ ಉಚ್ಚಾರಣೆಯಿಂದ ಅರ್ಥ ಹೇಳಲು ಬರುವುದಿಲ್ಲ. ಇನ್ನು ಕರಾವಳಿಯ ಎಷ್ಟೋ ಪದಗಳು ಕೊಂಕಣಿಯವು, ಕನ್ನಡ ನಿಘಂಟಿನಲ್ಲಿ ಇಲ್ಲ ಅಂದ ಕೂಡಲೇ ಪದವೇ ಇಲ್ಲ ಅಂತ ಅಲ್ಲ.

ಹಂತ 4: ಗೆಜೆಟಿಯರ್, ಇದಕ್ಕೆ ಒಂದು ಇಡೀ ದಿನ

ಗೆಜೆಟಿಯರ್ ಅಂದರೆ ಒಂದು ಜಿಲ್ಲೆಯ ಬಗ್ಗೆ ಸರ್ಕಾರವೇ ಮಾಡಿಸಿದ ಸಮಗ್ರ ವಿವರ. ನೆಲ, ನದಿ, ಕಾಡು, ಜನ, ಬೇಸಾಯ, ವ್ಯಾಪಾರ, ಇತಿಹಾಸ, ಊರುಗಳು, ಎಲ್ಲ ಇರುತ್ತವೆ. ನೇಮಕಾತಿ, ಅಧಿಸೂಚನೆ ಬರುವ ಗೆಜೆಟ್ ಅಂದರೆ ರಾಜ್ಯಪತ್ರ, ಅದು ಬೇರೆ. ಗ್ರಂಥಾಲಯದಲ್ಲಿ ಕೇಳುವಾಗ ಎರಡನ್ನೂ ಕಲಸಬೇಡಿ.

ನಮ್ಮ ಜಿಲ್ಲೆಗೆ ಎರಡು ಗೆಜೆಟಿಯರ್ ನೋಡಲೇಬೇಕು. ಒಂದು, ಬೊಂಬಾಯಿ ಪ್ರೆಸಿಡೆನ್ಸಿ ಗೆಜೆಟಿಯರ್‌ನ 15ನೇ ಸಂಪುಟ, ಕೆನರಾ, 1883ರದ್ದು, ಎರಡು ಭಾಗ. ಜೇಮ್ಸ್ ಕ್ಯಾಂಪ್‌ಬೆಲ್ ಅವರ ಮೇಲ್ವಿಚಾರಣೆಯಲ್ಲಿ ಬಂದದ್ದು. ಮೊದಲ ಭಾಗದಲ್ಲಿ ನೆಲ, ಕಾಡು, ಪ್ರಾಣಿ, ಜನ, ಬೇಸಾಯ. ಎರಡನೇ ಭಾಗದಲ್ಲಿ ಇತಿಹಾಸ ಮತ್ತು ಒಂದೊಂದು ಊರಿನ ವಿವರ. ಇನ್ನೊಂದು, 1985ರಲ್ಲಿ ಸೂರ್ಯನಾಥ ಕಾಮತ್ ಅವರ ಸಂಪಾದಕತ್ವದಲ್ಲಿ ಬಂದ ಕರ್ನಾಟಕ ರಾಜ್ಯ ಗೆಜೆಟಿಯರ್‌ನ ಉತ್ತರ ಕನ್ನಡ ಜಿಲ್ಲಾ ಸಂಪುಟ. ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೇ ವಿಷಯ ಎರಡರಲ್ಲೂ ಓದಿ. ನೂರು ವರ್ಷದಲ್ಲಿ ಏನು ಬದಲಾಯಿತು ಅಂತ ನಿಮ್ಮ ಕಣ್ಣೆದುರೇ ಕಾಣುತ್ತದೆ, ಮತ್ತು ಆ ಬದಲಾವಣೆಯ ನಡುವೆ ಎಲ್ಲೋ ನಿಮ್ಮ ಪ್ರಶ್ನೆ ಕೂತಿರುತ್ತದೆ.

ಓದುವ ಕ್ರಮ ಹೀಗಿರಲಿ. ಮೊದಲು ಪರಿವಿಡಿ. ಆಮೇಲೆ ಕೊನೆಯಲ್ಲಿರುವ ಸೂಚಿ, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಅಂತ ಅಕ್ಷರ ಕ್ರಮದಲ್ಲಿ ಕೊಟ್ಟ ಪಟ್ಟಿ. ನಿಮ್ಮ ಪದಗಳ ಹಾಳೆಯನ್ನು ತೆರೆದಿಟ್ಟು ಒಂದೊಂದೇ ಪದ ಸೂಚಿಯಲ್ಲಿ ನೋಡಿ. ಆಮೇಲೆ ಸಂಬಂಧಪಟ್ಟ ಅಧ್ಯಾಯವನ್ನು ಪೂರ್ತಿ ತಿರುವಿ ಹಾಕಿ, ಯಾಕೆಂದರೆ ಸೂಚಿಯಲ್ಲಿ ಎಲ್ಲವೂ ಇರುವುದಿಲ್ಲ. ರಂಪಣಿ ಬಗ್ಗೆ ಬರೆಯುವವರು ಮೀನಿನ ವಿವರ ಮಾತ್ರ ನೋಡಿ ಏಳಬೇಡಿ, ಜನರ ಅಧ್ಯಾಯದಲ್ಲಿ ಮೀನುಗಾರ ಸಮುದಾಯಗಳ ಬಗ್ಗೆ ಏನಿದೆ ನೋಡಿ, ವ್ಯಾಪಾರದ ಭಾಗದಲ್ಲಿ ಉಪ್ಪು ಮತ್ತು ಒಣಮೀನು ನೋಡಿ. ಅಡಿಟಿಪ್ಪಣಿ, ಅಂದರೆ ಪುಟದ ಕೆಳಗಿನ ಸಣ್ಣ ಅಕ್ಷರದ ಸಾಲುಗಳನ್ನು ಬಿಡಲೇಬೇಡಿ. ಮುಂದಿನ ದಾರಿ ಅಲ್ಲೇ ಇರುತ್ತದೆ.

ಇಲ್ಲಿ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಗಡಿ. ಟಿಪ್ಪು ಸತ್ತ ಮೇಲೆ ಬ್ರಿಟಿಷರ ಕೈಗೆ ಬಂದ ಕೆನರಾ ಜಿಲ್ಲೆಯಲ್ಲಿ ಕಾರವಾರವೂ ಇತ್ತು, ಮಂಗಳೂರೂ ಇತ್ತು, ಎರಡೂ ಮದ್ರಾಸಿನ ಕೆಳಗೆ. 1862ರಲ್ಲಿ ಉತ್ತರದ ಭಾಗ ಬೊಂಬಾಯಿ ಪ್ರೆಸಿಡೆನ್ಸಿಗೆ ಹೋಯಿತು, ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹಾಗಾಗಿ 1850ರ "ಕೆನರಾ"ದ ಅಕ್ಕಿ ರಫ್ತು ಅಂತ ಎಲ್ಲೋ ಅಂಕಿ ಸಿಕ್ಕರೆ ಅದು ನಮ್ಮ ಜಿಲ್ಲೆಯದ್ದು ಅಂತ ಬರೆಯುವ ಹಾಗಿಲ್ಲ, ಅದರಲ್ಲಿ ಇವತ್ತಿನ ಉಡುಪಿ, ದಕ್ಷಿಣ ಕನ್ನಡ ಎರಡೂ ಸೇರಿರುತ್ತವೆ.

ಎರಡನೆಯದು ದೃಷ್ಟಿ. 1883ರ ಗೆಜೆಟಿಯರ್ ಬರೆಸಿದ್ದು ಆಳುವ ಸರ್ಕಾರ, ಆಳುವುದಕ್ಕಾಗಿ. ಜಾತಿಗಳ ಬಗ್ಗೆ, ಬುಡಕಟ್ಟು ಜನರ ಬಗ್ಗೆ ಅದರಲ್ಲಿ ಇರುವ ಎಷ್ಟೋ ಮಾತುಗಳು ಇವತ್ತು ಓದಿದರೆ ನೋವಾಗುತ್ತವೆ. ಇವರು ಸೋಮಾರಿಗಳು, ಅವರು ಕೊಳಕರು ಅನ್ನುವ ರೀತಿಯ ತೀರ್ಪುಗಳನ್ನು ಎತ್ತಿ ನಿಮ್ಮ ಬರಹದಲ್ಲಿ ನಿಜಸಂಗತಿ ಅಂತ ಇಡಬೇಡಿ. ಹಾಲಕ್ಕಿ, ಸಿದ್ದಿ, ಹರಿಕಂತ್ರ ಸಮುದಾಯಗಳ ಬಗ್ಗೆ ಬರೆಯುವವರು ಆ ಸಮುದಾಯದವರನ್ನೇ ಮಾತನಾಡಿಸಬೇಕು, ಗೆಜೆಟಿಯರ್ ಅದಕ್ಕೆ ಬದಲಿ ಅಲ್ಲ. ಬಲೆಯ ಅಳತೆ, ಬಂದರಿನ ಲೆಕ್ಕ, ದಾರಿಯ ವಿವರ, ಇವುಗಳಿಗೆ ಅದು ಒಳ್ಳೆಯ ಆಧಾರ. ಜನರ ಗುಣದ ಬಗ್ಗೆ ಆಧಾರ ಅಲ್ಲ.

ಮೂರನೆಯದು ಅಳತೆ. ಖಂಡಿ, ಮಣ, ಕೊಳಗ ಊರಿಂದ ಊರಿಗೆ ಬದಲಾಗುತ್ತಿದ್ದವು. ಒಂದು ಮಣ ಇಷ್ಟೇ ಕಿಲೋ ಅಂತ ನೆಟ್ಟಿನಲ್ಲಿ ನೋಡಿ ಗುಣಿಸಬೇಡಿ. ಆ ಪುಸ್ತಕದಲ್ಲೇ ತೂಕ, ಅಳತೆಯ ವಿವರ ಇದೆಯಾ ಅಂತ ಹುಡುಕಿ, ಅದರ ಪ್ರಕಾರ ಲೆಕ್ಕ ಹಾಕಿ.

ಇದಕ್ಕೂ ಹಿಂದಿನ ಕಾಲ ಬೇಕಾದವರು ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಕಥನ ನೋಡಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದದ್ದು, 1807ರಲ್ಲಿ 3 ಸಂಪುಟಗಳಲ್ಲಿ ಅಚ್ಚಾಯಿತು. ನಮ್ಮ ಕರಾವಳಿ, ಸೋದೆ ಸೀಮೆ ಬರುವುದು ಮೂರನೆಯದರಲ್ಲಿ. ಅಡಿಕೆ, ಮೆಣಸಿನ ತೋಟಗಳ ಬಗ್ಗೆ ಬರೆಯುವ ಶಿರಸಿ, ಸಿದ್ದಾಪುರದ ಕಡೆಯವರು ಇದನ್ನು ಬಿಡಬಾರದು. ಬುಕಾನನ್ ಬರೆದ ಊರಿನ ಹೆಸರುಗಳ ಕಾಗುಣಿತ ಮಾತ್ರ ನಿಧಾನಕ್ಕೆ, ಗಟ್ಟಿಯಾಗಿ ಓದಿ ಊಹಿಸಬೇಕಾಗುತ್ತದೆ.

ಹಂತ 5: ಅಂಕಿಗಳು

ಜನಸಂಖ್ಯೆ, ಸಾಕ್ಷರತೆ, ಹಳ್ಳಿಯಲ್ಲಿ ಏನೇನು ಸೌಲಭ್ಯ ಇದೆ ಅನ್ನುವುದಕ್ಕೆ ಜಿಲ್ಲಾ ಜನಗಣತಿ ಕೈಪಿಡಿ ನೋಡಿ. 2011ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 14,37,169. ಕೈಪಿಡಿಯಲ್ಲಿ ಹಳ್ಳಿ ಹಳ್ಳಿಯ ಲೆಕ್ಕವೂ ಇದೆ. ಆದರೆ ಗಣತಿಯವರ "ಗ್ರಾಮ" ಅಂದರೆ ಕಂದಾಯ ಗ್ರಾಮ. ನಮ್ಮ ಕಡೆ ಒಂದು ಕಂದಾಯ ಗ್ರಾಮದಲ್ಲಿ ನಾಲ್ಕೈದು ಮಜರೆ, ಕೇರಿ, ಕೊಪ್ಪ ಇರುತ್ತವೆ, ನೀವು ಊರು ಅನ್ನುವುದು ಅದರಲ್ಲಿ ಒಂದು ಕೇರಿ ಆಗಿರಬಹುದು. ಯಾವುದರ ಲೆಕ್ಕ ಅಂತ ನೋಡಿಕೊಳ್ಳಿ.

ಮೀನಿನ ಲೆಕ್ಕಕ್ಕೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳು. 1947ರಲ್ಲಿ ಶುರುವಾದ ಸಂಸ್ಥೆ, ಕೇಂದ್ರ ಕಚೇರಿ ಕೊಚ್ಚಿಯಲ್ಲಿ, ಕಾರವಾರದಲ್ಲೂ ಅದರ ಕೇಂದ್ರ ಇದೆ. ಹಳೆಯ ಲೇಖನ, ವರದಿಗಳನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲೂ ವಿಚಾರಿಸಿ.

ಹಂತ 6: ಶಾಸನಗಳು (ಹಳೆಯ ಇತಿಹಾಸದವರಿಗೆ ಮಾತ್ರ)

ರಂಪಣಿಯವರು ಇದನ್ನು ದಾಟಿ ಹೋಗಬಹುದು. ದೇವಸ್ಥಾನ, ಅರಸು ಮನೆತನ, ಹಳೆಯ ಊರಿನ ಬಗ್ಗೆ ಬರೆಯುವವರು ನಿಲ್ಲಿ.

ಎಲ್ಲರೂ ಮೊದಲು ಕೇಳುವುದು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹ. ಬಿ.ಎಲ್. ರೈಸ್ ಅವರ ಆ ಹಳೆಯ 12 ಸಂಪುಟಗಳು ಹಳೆ ಮೈಸೂರು ಮತ್ತು ಕೊಡಗಿನವು. ನಮ್ಮ ಜಿಲ್ಲೆ ಆಗ ಬೊಂಬಾಯಿಯಲ್ಲಿತ್ತು, ಹಾಗಾಗಿ ಅದರಲ್ಲಿ ಶಿರಸಿ, ಹೊನ್ನಾವರದ ಶಾಸನ ಹುಡುಕಿ ಸುಸ್ತಾಗಬೇಡಿ. ನಮ್ಮವು ಇರುವುದು ದಕ್ಷಿಣ ಭಾರತದ ಶಾಸನಗಳು ಅನ್ನುವ ಸರಣಿಯಲ್ಲಿ, ಬಾಂಬೆ ಕರ್ನಾಟಕ ಅಂತ ಹೆಸರಿರುವ ಸಂಪುಟಗಳಲ್ಲಿ, ಮತ್ತು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ತಂದ ಸಂಪುಟಗಳಲ್ಲಿ. ಆದರೆ ಬನವಾಸಿ ಬಗ್ಗೆ ಬರೆಯುವವರಿಗೆ ಇದು ತಿರುವುಮುರುವು. ಬನವಾಸಿಯಿಂದ ಆಳಿದ ಕದಂಬರ ಬಗ್ಗೆ ಹೇಳುವ ತಾಳಗುಂದ ಶಾಸನ ಇರುವುದು ಶಿಕಾರಿಪುರ ತಾಲೂಕಿನಲ್ಲಿ, ಆದ್ದರಿಂದ ರೈಸ್ ಅವರ ಶಿವಮೊಗ್ಗ ಸಂಪುಟ ಬೇಕೇ ಬೇಕು.

ಶಾಸನದಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ, ಕ್ರಿಸ್ತಶಕ ಸಿಗುತ್ತದೆ. ಶಕ 1400 ಅಂದರೆ ಸುಮಾರು 1478. ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಬೇಕಾಗುತ್ತದೆ. ಬರೀ ಸಂವತ್ಸರದ ಹೆಸರು ಇದ್ದರೆ ಅವಸರ ಬೇಡ, ಅದೇ ಹೆಸರು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ.

ಹಂತ 7: ಕಪಾಟಿನ ಸಂಖ್ಯೆ ಮತ್ತು ಗ್ರಂಥಪಾಲಕರು

ಪುಸ್ತಕದ ಬೆನ್ನ ಮೇಲೆ ಅಂಟಿಸಿದ ಸಂಖ್ಯೆ ಕರೆ ಸಂಖ್ಯೆ. ಬಹಳ ಕಡೆ ಡ್ಯೂಯಿ ದಶಮಾಂಶ ಪದ್ಧತಿ ಇರುತ್ತದೆ. ಅದರಲ್ಲಿ ವಿಶ್ವಕೋಶಗಳು 030, ಜಾನಪದ 398, ಮೀನುಗಾರಿಕೆ 639.2, ಕರ್ನಾಟಕ ಇತಿಹಾಸ 954.87. ಪರಾಮರ್ಶನ ಪುಸ್ತಕವಾದರೆ ಸಂಖ್ಯೆಯ ಮುಂದೆ ಇಂಗ್ಲಿಷ್‌ನ 'ಆರ್' ಅಕ್ಷರ ಹಾಕಿರುವುದೂ ಉಂಟು. ಒಂದು ಒಳ್ಳೆಯ ಪುಸ್ತಕ ಸಿಕ್ಕರೆ ಅದರ ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು ಪುಸ್ತಕ ತೆಗೆದು ನೋಡಿ, ಒಂದೇ ವಿಷಯದವು ಅಕ್ಕಪಕ್ಕ ಇರಲಿ ಅಂತಲೇ ಆ ಸಂಖ್ಯೆ ಕೊಟ್ಟಿರುವುದು.

ಗ್ರಂಥಪಾಲಕರನ್ನು ಕೇಳಿ. ದಯವಿಟ್ಟು ಕೇಳಿ. ನಾಚಿಕೆಯಿಂದ ಸುಮ್ನೆ ಓಡಾಡಿ ವಾಪಸ್ ಹೋಗುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನುವುದು. ನಿಮಗೆ ದಾರಿ ತೋರಿಸುವುದು ಗ್ರಂಥಪಾಲಕರ ಕೆಲಸದ ಭಾಗ. ಕೇಳುವ ರೀತಿ ಮಾತ್ರ ಸರಿ ಇರಲಿ. "ಇತಿಹಾಸದ ಪುಸ್ತಕ ಇದೆಯಾ ಸರ್?" ಅಂದರೆ ಒಂದು ಕಪಾಟು ತೋರಿಸಿ ಸುಮ್ಮನಾಗುತ್ತಾರೆ, ಅವರದ್ದು ತಪ್ಪಲ್ಲ. "ಮೇಡಂ, ಕಾರವಾರದ ರಂಪಣಿ ಬಗ್ಗೆ ನೋಡುತ್ತಿದ್ದೇನೆ, ಎರಡೂ ಗೆಜೆಟಿಯರ್ ನೋಡಿದೆ, 1960ರಿಂದ 80ರ ನಡುವಿನ ವರದಿಗಳು ಬೇಕು, ಒಳಗೆ ಕಟ್ಟಿಟ್ಟ ಹಳೆಯ ಪುಸ್ತಕಗಳಲ್ಲಿ ಏನಾದರೂ ಇದೆಯಾ?" ಅಂತ ಕೇಳಿ ನೋಡಿ. ಬೀಗ ಹಾಕಿದ ಕಪಾಟು ತೆರೆಯುತ್ತದೆ.

ಅಂಥ ಹಳೆಯ ಪುಸ್ತಕ ಕೈಗೆ ಬಂದರೆ ಉಗುಳು ಹಚ್ಚಿ ಪುಟ ತಿರುಗಿಸಬೇಡಿ, ಮೂಲೆ ಮಡಚಬೇಡಿ, ಮೇಜಿನ ಮೇಲಿಟ್ಟು ಓದಿ. ಕರಾವಳಿಯ ತೇವಕ್ಕೆ ಆ ಕಾಗದ ಮೊದಲೇ ಸೋತಿರುತ್ತದೆ. ಜೆರಾಕ್ಸ್ ಮಾಡಿಸಲು ಬೆನ್ನು ಒತ್ತಿ ಹಿಡಿದರೆ ಹೊಲಿಗೆ ಬಿಟ್ಟುಹೋಗುತ್ತದೆ. ಅನುಮತಿ ಕೇಳಿ ಮೊಬೈಲಿನಲ್ಲಿ ಫೋಟೋ ತೆಗೆಯುವುದು ಒಳ್ಳೆಯದು.

ಹಂತ 8: ಮನೆಯಿಂದಲೇ ನೋಡಬಹುದಾದದ್ದು

1883ರ ಗೆಜೆಟಿಯರ್, ಬುಕಾನನ್, ಕಿಟೆಲ್, ಮೂರೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತ. ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ನಿಘಂಟುಗಳಿಗೆ ಭಾರತವಾಣಿ ಜಾಲತಾಣ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ, ಅದರಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಪ್ರಬಂಧ ಸಿಕ್ಕರೆ ಮೊದಲು ಅದರ ಕೊನೆಯ ಗ್ರಂಥಸೂಚಿ ತೆರೆಯಿರಿ, ಬೇರೆಯವರು ವರ್ಷಗಟ್ಟಲೆ ಹುಡುಕಿದ್ದು ಅಲ್ಲಿ ಪಟ್ಟಿಯಾಗಿ ಇರುತ್ತದೆ.

ಹಾಗಾದರೆ ಗ್ರಂಥಾಲಯಕ್ಕೆ ಯಾಕೆ ಹೋಗಬೇಕು ಅಂತ ಕೇಳಬಹುದು. ಸ್ಕ್ಯಾನ್ ಮಾಡಿದ ಪುಸ್ತಕದಲ್ಲಿ ಹುಡುಕುವ ಪೆಟ್ಟಿಗೆಗೆ ಪದ ಹಾಕಿದರೆ ಯಂತ್ರ ಅಕ್ಷರ ಸರಿಯಾಗಿ ಗುರುತಿಸಿದ್ದರೆ ಮಾತ್ರ ಸಿಗುತ್ತದೆ. ಹಳೆಯ ಅಚ್ಚಿನಲ್ಲಿ, ಅದರಲ್ಲೂ ಕನ್ನಡ ಅಕ್ಷರದಲ್ಲಿ, ಎಷ್ಟೋ ಸಲ ಗುರುತಿಸಿರುವುದಿಲ್ಲ. ಅಷ್ಟೇ ಅಲ್ಲ, ಸ್ಥಳೀಯ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ತಾಲೂಕು ಸಾಹಿತ್ಯ ಸಮ್ಮೇಳನದ ಹೊತ್ತಿಗೆಗಳು ಹೆಚ್ಚಾಗಿ ಇಂಟರ್‌ನೆಟ್‌ನಲ್ಲಿ ಇಲ್ಲ. ನಮ್ಮ ಜಿಲ್ಲೆಯ ಅರ್ಧ ಇತಿಹಾಸ ಅವುಗಳಲ್ಲೇ ಇದೆ.

ಹಂತ 9: ಸಿಕ್ಕಿದ್ದನ್ನು ಒರೆಗೆ ಹಚ್ಚಿ

ಒಂದು ಉದಾಹರಣೆ ಸಾಕು. ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದಿದ್ದರು ಅಂತ ಎಲ್ಲರಿಗೂ ಗೊತ್ತು, ಕಡಲತೀರಕ್ಕೆ ಅವರದೇ ಹೆಸರಿದೆ. ಯಾವ ವರ್ಷ? ಒಂದು ಕಡೆ 1882 ಅಂತ ಇರುತ್ತದೆ, ಇನ್ನೊಂದು ಕಡೆ 1883. ಹತ್ತು ಜಾಲತಾಣ ನೋಡಿ ಯಾವುದು ಜಾಸ್ತಿ ಬಂತೋ ಅದನ್ನು ಬರೆಯುವುದು ಪರಿಶೀಲನೆ ಅಲ್ಲ, ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದಿರಬಹುದು. ಟಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರು ಯಾವಾಗಿಂದ ಯಾವಾಗಿನವರೆಗೆ ಇದ್ದರು ಅನ್ನುವುದಕ್ಕೆ ಸರ್ಕಾರಿ ಪಟ್ಟಿಗಳಿರುತ್ತವೆ, ಅಲ್ಲಿಂದ ಶುರು ಮಾಡಿ. ಟಾಗೋರರ ಆತ್ಮಕಥನ ಜೀವನಸ್ಮೃತಿಯಲ್ಲಿ ಕಾರವಾರದ ಬಗ್ಗೆ ಒಂದು ಅಧ್ಯಾಯವೇ ಇದೆ, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದ ನೆನಪು ಅದರಲ್ಲಿದೆ. ಆದರೆ ಆ ಪುಸ್ತಕ ಬಂದದ್ದು 1912ರಲ್ಲಿ, ಸುಮಾರು ಮೂವತ್ತು ವರ್ಷ ಆದಮೇಲೆ. ಕಂಡದ್ದಕ್ಕೆ ಅದು ಮೂಲ ಆಧಾರ, ಅಂದರೆ ಅನುಭವಿಸಿದವರೇ ಬರೆದದ್ದು. ತಾರೀಕಿಗೆ ಆ ಕಾಲದ ಕಾಗದಪತ್ರವೇ ಬೇಕು.

ಹಾಗೆಯೇ ನಿಮ್ಮ ಬರಹದ ಮುಖ್ಯ ಸಂಗತಿಗಳನ್ನು ಕನಿಷ್ಠ ಎರಡು ಕಡೆ ನೋಡಿ, ಮತ್ತು ಆ ಎರಡೂ ಒಂದನ್ನೊಂದು ನಕಲು ಮಾಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಕಾಗದಪತ್ರ ಎಲ್ಲಿರುತ್ತವೆ? ಜಿಲ್ಲೆ ಯಾರ ಕೈಯಲ್ಲಿತ್ತೋ ಅವರ ಹತ್ತಿರ. 1862ಕ್ಕೆ ಮೊದಲಿನವು ಹೆಚ್ಚಾಗಿ ಚೆನ್ನೈನ ದಫ್ತರದಲ್ಲಿ (ದಫ್ತರ ಅಂದರೆ ಹಳೆಯ ಸರ್ಕಾರಿ ಕಡತಗಳನ್ನು ಕಾಪಾಡಿ ಇಡುವ ಪತ್ರಾಗಾರ), ಆಮೇಲಿನಿಂದ 1956ರವರೆಗಿನವು ಮುಂಬೈಯಲ್ಲಿ, ನಂತರದವು ಬೆಂಗಳೂರಿನಲ್ಲಿ. ಪೋರ್ಚುಗೀಸರ ಕಾಲದ ವ್ಯಾಪಾರ, ಸೋದೆ ಅರಸರು ಗೋವೆಗೆ ಹೋದ ಮೇಲಿನ ಸಂಗತಿ ಬೇಕಾದವರು ಪಣಜಿಯ ದಫ್ತರಕ್ಕೆ ಹೋಗಿ. ಕಾರವಾರದವರಿಗೆ ಬೆಂಗಳೂರಿಗಿಂತ ಅದೇ ಎಷ್ಟೋ ಹತ್ತಿರ, ಬೆಳಿಗ್ಗೆ ಹೊರಟರೆ ಸಂಜೆ ಮನೆಗೆ ಬರಬಹುದು. ಅಲ್ಲೇ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯವೂ ಇದೆ, 1832ರಲ್ಲಿ ಶುರುವಾದದ್ದು. ಆದರೆ ಮೇಲಿನ ಹಂತಗಳನ್ನು ಮುಗಿಸದೆ ದಫ್ತರಕ್ಕೆ ಓಡಬೇಡಿ. ಅಲ್ಲಿ ಯಾವ ವರ್ಷದ, ಯಾವ ಇಲಾಖೆಯ ಕಡತ ಬೇಕು ಅಂತ ಹೇಳಲೇಬೇಕು, ಅದನ್ನು ಹೇಳಿಕೊಡುವುದು ಗೆಜೆಟಿಯರ್‌ನ ಅಡಿಟಿಪ್ಪಣಿ.

ಹಂತ 10: ಎದ್ದು ಬರುವ ಮೊದಲು

ಪುಸ್ತಕ ಮುಚ್ಚುವ ಮೊದಲು ಬರೆದುಕೊಳ್ಳಬೇಕಾದದ್ದು: ಪುಸ್ತಕದ ಹೆಸರು, ಲೇಖಕ ಅಥವಾ ಸಂಪಾದಕರು, ಸಂಪುಟ, ಭಾಗ, ಪ್ರಕಟವಾದ ವರ್ಷ, ಪುಟ ಸಂಖ್ಯೆ, ಕರೆ ಸಂಖ್ಯೆ, ಯಾವ ಗ್ರಂಥಾಲಯ. ಫೋಟೋ ತೆಗೆಯುವವರು ಮೊದಲು ಮುಖಪುಟದ ಒಳಗಿನ ಶೀರ್ಷಿಕೆ ಪುಟದ ಫೋಟೋ ತೆಗೆಯಿರಿ, ಆಮೇಲೆ ಒಳಪುಟ. ಪುಟ ಸಂಖ್ಯೆ ಫೋಟೋದಲ್ಲಿ ಬಂದಿದೆಯಾ ನೋಡಿ. ಒಂದು ಪುಟ ಸಂಖ್ಯೆ ಬಿಟ್ಟುಹೋಯಿತು ಅಂತ ಶಿರಸಿಯಿಂದ ಧಾರವಾಡಕ್ಕೆ ಮತ್ತೆ ಬಸ್ ಹತ್ತಿದವರು ನನಗೆ ಗೊತ್ತು.

ಪುಸ್ತಕದ ಮಾತನ್ನು ಹಾಗೇ ಇಳಿಸಿಕೊಂಡರೆ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಬರೆದುಕೊಂಡರೆ ಪಕ್ಕದಲ್ಲಿ 'ನನ್ನ ಮಾತು' ಅಂತ ಗುರುತು ಮಾಡಿ. ಮೂರು ತಿಂಗಳ ಮೇಲೆ ನೋಡಿದಾಗ ಯಾವುದು ಯಾರದ್ದು ಅಂತ ನೆನಪಿರುವುದಿಲ್ಲ, ಕದ್ದ ಹಾಗೆ ಆಗುತ್ತದೆ.

ಕೊನೆಗೆ ಒಂದು ಹೊಸ ಹಾಳೆ ತೆಗೆಯಿರಿ. ಮೇಲೆ ನಿಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಬರೆಯಿರಿ, ಈ ಹೊತ್ತಿಗೆ ಅದು ಸ್ವಲ್ಪ ಬದಲಾಗಿರುತ್ತದೆ, ಇನ್ನೂ ಸಣ್ಣದಾಗಿ ಚೂಪಾಗಿರುತ್ತದೆ. ಅದರ ಕೆಳಗೆ ವಿಶ್ವಕೋಶ, ಗೆಜೆಟಿಯರ್, ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕಂಡ ಪುಸ್ತಕ, ಲೇಖನ, ವರದಿಗಳ ಹೆಸರು ಬರೆಯಿರಿ. ಮೂರು ಕಡೆ ಕಂಡದ್ದಕ್ಕೆ ಮೂರು ಗೆರೆ. ಜಾಸ್ತಿ ಗೆರೆ ಬಿದ್ದದ್ದು ಮೇಲೆ. ಆ ಹಾಳೆ ಹಿಡಿದುಕೊಂಡು ಎರವಲು ವಿಭಾಗದ ಕಡೆ ಹೋಗಿ, ಮೊದಲ ಪುಸ್ತಕ ಇದೆಯಾ ಅಂತ ಕೇಳಿ.